ಬಲಗಡೆ ಬಿಟ್ಟ ಎರಡೂವರೆ ಅಡಿ

ಆ ಟ್ರಾಲಿಯ ಡ್ರಾಯಿಂಗ್ ಇನ್ನೂ ನನ್ನ ಬಳಿ ಇದೆ. ಕಾರ್ಖಾನೆಯ ಹಳೆಯ ಜಾಬ್ ಕಾರ್ಡೊಂದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಎಳೆದದ್ದು. ಎರಡು ಚಕ್ರ, ಅವನ್ನು ಜೋಡಿಸುವ ಒಂದು ಆಕ್ಸಲ್, ಮುಂದೆ ಜೀಪಿಗೆ ಸಿಕ್ಕಿಸುವ ಮೂಗು, ಹಿಂದೆ ವ್ಯಾನು ಹತ್ತಿಸಲು ಮಡಚುವ ಎರಡು ಹಲಗೆ, ಎರಡೂ ಬದಿಗೆ ತಡೆಕಂಬಿ. ಎಡಗಡೆಯ ಕಂಬಿ ಮುಂದಿನಿಂದ ಹಿಂದಿನವರೆಗೆ ಒಂದೇ ಗೆರೆ. ಬಲಗಡೆಯದು ಹಾಗಿಲ್ಲ. ಮುಂದೆ ಒಂದು ಕಡೆ ಎರಡೂವರೆ ಅಡಿ ಖಾಲಿ. ಆ ಖಾಲಿ ಜಾಗಕ್ಕೆ ಎರಡು ಬಾಣ ಹಾಕಿ ಅಳತೆಯನ್ನೂ ಬರೆದಿದ್ದೇನೆ. ಕೈಬರಹ ನನ್ನದೇ. ಮರೆತು ಬಿಟ್ಟ ಜಾಗವಲ್ಲ ಅದು.

ಏಕೆ ಬಿಟ್ಟೆ ಎಂದು ಕೇಳಿದವರಿಗೆ ಕೈ ಹಾಕಲಿಕ್ಕೆ ಎಂದು ಹೇಳುತ್ತಿದ್ದೆ. ವ್ಯಾನನ್ನು ಹತ್ತಿಸುವಾಗ ಹೊರಗೆ ನಿಂತೇ ಸ್ಟೇರಿಂಗ್ ತಿರುಗಿಸಬೇಕಿತ್ತು. ಆದರೆ ಕೈ ಹಾಕಲು ಕಿಟಕಿ ಸಾಕು, ಬಾಗಿಲು ತೆರೆಯಬೇಕಾಗಿಲ್ಲ. ಎರಡೂವರೆ ಅಡಿ ಎಂದರೆ ಬಾಗಿಲು ತೆರೆದು ಒಬ್ಬ ಮನುಷ್ಯ ಒಳಗೆ ನುಸುಳುವ ಜಾಗ.

ವ್ಯಾನು ಅಣ್ಣನದು. ಅಣ್ಣ ವಡೋದರಾದ ಫತೇಗಂಜ್‌ನಲ್ಲಿ, ಹಾಸ್ಟೆಲು ಹುಡುಗರು ಓಡಾಡುವ ರಸ್ತೆಯಲ್ಲಿ, ಸಣ್ಣ ಉಡುಪಿ ಹೋಟೆಲು ನಡೆಸುತ್ತಿದ್ದ. ಮೇಲಿನ ಮನೆಯಲ್ಲಿ ಅವನು, ಅತ್ತಿಗೆ, ಅಮ್ಮ. ನಾನು ಅಹಮದಾಬಾದಿನ ನರೋಡಾದಲ್ಲಿ, ಟ್ಯಾಂಕು ಮತ್ತು ಚಿಮಣಿ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ, ಈಗಲೂ ಇದ್ದೇನೆ.

ಡಿಸೆಂಬರಿನಲ್ಲಿ ಹೋಟೆಲಿನ ದೊಡ್ಡ ರುಬ್ಬುವ ಯಂತ್ರದ ಕಲ್ಲು ಸವೆದು ಹಿಟ್ಟು ನುಣ್ಣಗಾಗುತ್ತಿರಲಿಲ್ಲ. ಸೂರತ್‌ನ ಉಧ್ನಾದಲ್ಲಿ, ಮಗ್ಗದ ಶೆಡ್ಡುಗಳ ನಡುವೆ, ಕಲ್ಲಿಗೆ ಉಳಿ ಹೊಡೆದು ಮತ್ತೆ ಒರಟು ಮಾಡಿಕೊಡುವ ಮುದುಕನೊಬ್ಬ ಇದ್ದಾನೆ. ನಮ್ಮ ಕಡೆಯ ಹೋಟೆಲಿನವರೆಲ್ಲ ಅವನ ಹತ್ತಿರವೇ ಹೋಗುವುದು. ಅಣ್ಣ ಯಂತ್ರವನ್ನು ವ್ಯಾನಿಗೆ ಹಾಕಿಕೊಂಡು ಅಲ್ಲಿಗೆ ಹೋದ. ಕೆಲಸ ಮುಗಿಯಿತು. ಮಗ್ಗದ ನಾಲ್ಕು ಜನ ಸೇರಿ ಯಂತ್ರವನ್ನು ಮತ್ತೆ ಹಿಂದೆ ಇಟ್ಟುಕೊಟ್ಟರು. ಅಣ್ಣ ಡ್ರೈವರ್ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಬೆಲ್ಟು ಕಟ್ಟಿಕೊಂಡು ಸತ್ತುಹೋದ. ಮಧ್ಯಾಹ್ನದ ಹೊತ್ತು. ಎದುರಿನ ಶೆಡ್ಡಿನ ವಾಚ್‌ಮನ್ ಯಾರೋ ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡು ಒಂದು ಗಂಟೆ ಸುಮ್ಮನಿದ್ದನಂತೆ.

ಯಂತ್ರ ವ್ಯಾನಿನೊಳಗೇ ಇತ್ತು ಎಂಬುದನ್ನು ಈಗ ಬರೆಯುತ್ತಿದ್ದೇನೆ. ಆಗ ನನ್ನ ಲೆಕ್ಕದಲ್ಲಿ ಅದು ಇರಲಿಲ್ಲ.

ಅಣ್ಣನನ್ನು ಆಂಬುಲೆನ್ಸಿನಲ್ಲಿ ವಡೋದರಾಕ್ಕೆ ತಂದು ಸಂಸ್ಕಾರ ಮಾಡಿದೆವು. ವ್ಯಾನನ್ನು ಪೊಲೀಸರ ಕೆಲಸ ಮುಗಿದ ಮೇಲೆ ಮಗ್ಗದವರು ತಳ್ಳಿಕೊಂಡು ಹೋಗಿ ತಮ್ಮ ಅಂಗಳದಲ್ಲಿ ನಿಲ್ಲಿಸಿದ್ದರು. ನಾಲ್ಕನೆಯ ದಿನ ಅಮ್ಮ ನನ್ನನ್ನು ಕರೆದಳು.

ಕರಾವಳಿಯ ನಮ್ಮ ಜನರಲ್ಲಿ ಸತ್ತವರನ್ನು ಹದಿನಾರನೆಯ ದಿನ ಒಳಗೆ ಕರೆಯುವ ಕ್ರಮ ಇದೆ. ಹೊತ್ತು ಮುಳುಗುವಾಗ ಹೊಸ್ತಿಲಲ್ಲಿ ದೀಪ ಹಿಡಿದು ನಿಂತು ಕರೆಯುತ್ತಾರೆ. ಒಳಗೆ ಎಲೆ ಹಾಕಿ ಅವರಿಗೆ ಇಷ್ಟವಾದದ್ದನ್ನು ಬಡಿಸಿರುತ್ತಾರೆ. ಆಮೇಲೆ ಮನೆಯವರೆಲ್ಲ ಹೊರಗೆ ಬಂದು, ಸತ್ತವರು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತಾರೆ. ಅಷ್ಟಾದರೆ ಅವರು ಹಿರಿಯರ ಜೊತೆ ಸೇರಿದ ಹಾಗೆ. ಆಗದಿದ್ದರೆ ಹೊರಗೇ ಉಳಿದ ಹಾಗೆ.

“ಅವ ಈಗ ಇರುವುದು ಆ ಸೀಟಲ್ಲಿ,” ಎಂದಳು ಅಮ್ಮ. “ಹದಿನಾರಕ್ಕೆ ವ್ಯಾನು ಬಾಗಿಲಿಗೆ ಬರ್ಬೇಕು. ಆದ್ರೆ ಆ ಸೀಟಲ್ಲಿ ಯಾರೂ ಕೂರ್ಬಾರ್ದು ಅಪ್ಪಿ. ಯಾರಾದ್ರೂ ಕೂತ್ರೆ ಅವ ಎದ್ದು ಜಾಗ ಬಿಟ್ಟು ಕೊಡ್ತಾನೆ. ಅವನ ಸ್ವಭಾವ ನಿನಗೆ ಗೊತ್ತುಂಟಲ್ಲ. ದಾರಿಯಲ್ಲೇ ಇಳಿದುಬಿಡ್ತಾನೆ.”

ಅಮ್ಮ ಅಣ್ಣನನ್ನು ಮಗಾ ಎಂದೂ ನನ್ನನ್ನು ಅಪ್ಪಿ ಎಂದೂ ಕರೆಯುತ್ತಿದ್ದಳು. ಒಮ್ಮೆಯೂ ಬಾಯಿ ತಪ್ಪಿ ಅದಲು ಬದಲಾದದ್ದಿಲ್ಲ.

ನನಗೆ ಇಂಥದ್ದರಲ್ಲಿ ನಂಬಿಕೆ ಇತ್ತೇ? ಇರಲಿಲ್ಲ ಎಂದು ಅತ್ತಿಗೆಗೆ ಹೇಳಿದ್ದೆ. ಆದರೆ ಮರುದಿನವೇ ಕೆಟ್ಟ ವಾಹನ ಸಾಗಿಸುವ ಇಬ್ಬರಿಗೆ ಫೋನು ಮಾಡಿ, ಸೀಟಿನಲ್ಲಿ ಯಾರೂ ಕೂರದೆ ತರಲು ಆಗುತ್ತದೆಯೇ ಎಂದು ಕೇಳಿದೆ. ಇಬ್ಬರೂ ಆಗುವುದಿಲ್ಲ ಎಂದರು. ಹತ್ತಿಸುವಾಗ, ಇಳಿಸುವಾಗ ಬ್ರೇಕಿನ ಮೇಲೆ ಒಬ್ಬನ ಕಾಲು ಇರಲೇಬೇಕಂತೆ. ಒಬ್ಬ ಕಾರಣ ಕೇಳಿದ. ಹೇಳಿದೆ. ತಮ್ಮ ಊರಿನಲ್ಲೂ ಹೀಗೆ ಏನೇನೋ ಉಂಟು, ಆದರೆ ಬ್ರೇಕು ಬ್ರೇಕೇ ಎಂದ.

ಆಗ ನೆನಪಾದದ್ದು ಕಾಕಾ. ನರೋಡಾದಲ್ಲಿ ನಮ್ಮ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಮದುವೆಮನೆಗಳಿಗೆ ಜನರೇಟರ್ ಕೊಡುವ ಗುಜರಾತಿ ಮುದುಕ. ಎಲ್ಲರಿಗೂ ಕಾಕಾ. ಅವರ ಶೆಡ್ಡಿನ ಪಕ್ಕ ಹಳೆಯ ಟ್ರಾಲಿಯೊಂದು ಬಿದ್ದಿತ್ತು. ಅದರ ಮೇಲಿದ್ದ ಜನರೇಟರು ಯಾವಾಗಲೋ ಗುಜರಿಗೆ ಹೋಗಿತ್ತು. ಟ್ರಾಲಿಯ ಮೇಲೆ ಕಾಕಾ ಮನೆಯವರು ಮೆಣಸಿನಕಾಯಿ ಒಣಗಿಸುತ್ತಿದ್ದರು. ನನ್ನ ನೆನಪಿನಲ್ಲಿ ಅದು ಹಸಿರು. ಫೋಟೋಗಳಲ್ಲಿ ನೀಲಿ. ವ್ಯಾನಿಗೆಂದು ನಾನು ಉದ್ದ ಮಾಡುವ ಟ್ರಾಲಿ, ಕೆಲಸ ಆದ ಮೇಲೆ ಅವರಿಗೇ ಎಂದು ಮಾತಾಯಿತು. ಜೀಪು ಅವರದು, ಓಡಿಸುವವರೂ ಅವರೇ.

“ಮದ್ರಾಸಿ ಸಾಹೇಬ್,” ಎಂದರು ಕಾಕಾ. ದಕ್ಷಿಣದವರೆಲ್ಲ ಅವರಿಗೆ ಮದ್ರಾಸಿಗಳೇ. “ಇದರ ಮೇಲೆ ಕೂತದ್ದು ಮದುವೆಗೆ ಹೋಗಿ ದೀಪ ಹತ್ತಿಸ್ತಿತ್ತು. ನೀವು ಇದನ್ನ ಯಾವ ಕೆಲಸಕ್ಕೆ ಹಚ್ತಾ ಇದ್ದೀರಿ, ಗೊತ್ತಲ್ಲ?”

ಗೊತ್ತು ಎಂದೆ.

ಹತ್ತು ದಿನ ಇತ್ತು. ಪಾಳಿ ಮುಗಿದ ಮೇಲೆ ಸಂಜೆಗಳಲ್ಲಿ, ಒಂದು ಭಾನುವಾರ ಪೂರ್ತಿ, ಅದರ ಮೇಲೆ ಕೆಲಸ ಮಾಡಿದೆ. ಜನರೇಟರಿನ ಹಾಸು ಏಳಡಿ ಉದ್ದ; ವ್ಯಾನಿಗೆ ಹನ್ನೊಂದು ಬೇಕು. ಹಾಸಿನ ಹಳೆಯ ಕಬ್ಬಿಣದ ಚಾನೆಲ್‌ಗಳನ್ನು ಕತ್ತರಿಸಿ, ಹೊಸ ತುಂಡು ಸೇರಿಸಿ, ಸೇರಿದ ಜಾಗಕ್ಕೆ ಎರಡೂ ಕಡೆ ಪಟ್ಟಿ ಇಟ್ಟು ವೆಲ್ಡ್ ಮಾಡಿದೆ. ತುಕ್ಕು ಕೆರೆದಾಗ ಒಳಗಿನಿಂದ ಒಣ ಮೆಣಸಿನಕಾಯಿಯ ಬೀಜ ಉದುರಿತು. ವೆಲ್ಡಿಂಗ್ ಕಿಡಿ ತಗಲಿ ಘಾಟು ಎದ್ದು ಕಾಕಾ, ನಾನು ಇಬ್ಬರೂ ಕೆಮ್ಮುತ್ತ ಹೊರಗೆ ಓಡಿದೆವು. ಭಾರ ಹೊರುವ ಸ್ಪ್ರಿಂಗುಗಳ ಪಟ್ಟಿ ಸವೆದಿತ್ತು, ಒಂದೊಂದು ಪಟ್ಟಿ ಹೆಚ್ಚು ಹಾಕಿದೆ. ವ್ಯಾನಿನ ಮುಂದಿನ ಚಕ್ರ ಬಂದು ತಡೆಯುವ ಹಾಗೆ ಅಡ್ಡಕ್ಕೆ ಒಂದು ಕಬ್ಬಿಣದ ಆಂಗಲ್ ಕೂರಿಸಿದೆ. ಅದನ್ನು ಬೋಲ್ಟಿನಲ್ಲಿ ಕಟ್ಟಬಹುದಿತ್ತು. ಗಟ್ಟಿ ಇರಲಿ ಎಂದು ವೆಲ್ಡ್ ಮಾಡಿದೆ.

ಕೊನೆಗೆ ಆಕ್ಸಲ್. ಭಾರ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಬೀಳಬೇಕು. ಹಿಂದೆ ಬಿದ್ದರೆ ಓಡುವಾಗ ಟ್ರಾಲಿ ಬಾಲ ಆಡಿಸುತ್ತದೆ. ಇದನ್ನು ಕಾಕಾ ತಮ್ಮದೇ ಭಾಷೆಯಲ್ಲಿ ಹೇಳಿದರು: “ಮೂಗು ಭಾರ ಇರ್ಬೇಕು. ಒಬ್ಬ ಮನುಷ್ಯ ಎತ್ತೋಕೆ ಆಗ್ಬೇಕು, ಆದರೆ ಬೈಕೊಂಡು ಎತ್ತಬೇಕು.” ನಾನು ನಕ್ಕೆ. ಆ ವ್ಯಾನಿನ ಇಂಜಿನ್ನು ಇರುವುದು ಮುಂದಿನ ಸೀಟಿನ ಕೆಳಗೆ, ಭಾರವೆಲ್ಲ ಮುಂದೆಯೇ. ಮೂಗು ವಿಪರೀತ ಭಾರವಾದೀತು ಎಂದು ಲೆಕ್ಕ ಹಾಕಿ ಆಕ್ಸಲನ್ನು ಒಂದು ಅಡಿ ಮುಂದಕ್ಕೆ ತಂದೆ. ಖಾಲಿ ವ್ಯಾನಿಗೆ ಆ ಲೆಕ್ಕ ಸರಿ. ಈಗಲೂ ಮಾಡಿ ನೋಡಿದ್ದೇನೆ, ಸರಿಯೇ.

ರುಬ್ಬುವ ಯಂತ್ರವನ್ನು ನಾನು ಮರೆತದ್ದು ಹೇಗೆ? ಹೋಟೆಲಿನವರ ಮಕ್ಕಳಿಗೆ ಅದು ಸಾಮಾನಲ್ಲ. ಅದರ ಸದ್ದಿನಲ್ಲೇ ಎದ್ದು, ಅದರ ಸದ್ದಿನಲ್ಲೇ ಓದಿ, ಉಂಡವರು ನಾವು. ಮನೆಯ ತೂಕ ಎಷ್ಟು ಎಂದರೆ ಯಾರೂ ನೆಲವನ್ನು ಸೇರಿಸುವುದಿಲ್ಲ.

ಸೀಟಿನ ವಿಷಯವನ್ನು ಇಲ್ಲಿ ಹೇಳಬೇಕು. ಮೊದಲೇ ಹೇಳಬೇಕಿತ್ತು, ಮುಂದೆ ಹಾಕುತ್ತ ಬಂದೆ.

ಅಣ್ಣ ಸಾಯುವ ಎರಡು ವರ್ಷ ಮೊದಲು ಆ ಸೀಟಿನ ಹಳಿಯ ಹಲ್ಲು ಸವೆದು, ಬ್ರೇಕು ಒತ್ತಿದಾಗಲೆಲ್ಲ ಸೀಟು ಜಾರುತ್ತಿತ್ತು. ಅವನು ವ್ಯಾನು ತೆಗೆದುಕೊಂಡು ನರೋಡಾಕ್ಕೆ ನನ್ನ ಬಳಿ ಬಂದ. ಒಂದೇ ಕಡೆ ವೆಲ್ಡ್ ಮಾಡಿಬಿಡುವ ಎಂದೆ. ಎಲ್ಲಿ ನಿಲ್ಲಿಸಬೇಕು ಎಂದು ನೋಡಲು ನಾನೇ ಸೀಟಿನಲ್ಲಿ ಕೂತೆ, ಕಾಲು ಚಾಚಿ ಕ್ಲಚ್ ಒತ್ತಿ ನೋಡಿದೆ, ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಅಣ್ಣ ಚಹಾದ ಗ್ಲಾಸು ಹಿಡಿದು ಹೊರಗೆ ನಿಂತಿದ್ದ. ಅವನು ನನಗಿಂತ ಗೇಣುದ್ದ ಕುಳ್ಳ. ವೆಲ್ಡ್ ತಣ್ಣಗಾದ ಮೇಲೆ ಅವನು ಹತ್ತಿ ಕೂತಾಗ ಪೆಡಲಿಗೆ ಕಾಲು ಸರಿಯಾಗಿ ಮುಟ್ಟಲಿಲ್ಲ. ಕತ್ತರಿಸಿ ಮತ್ತೆ ಮಾಡ್ತೇನೆ ಎಂದೆ. “ಬಿಡು ಮಾರಾಯ, ಅಡ್ಜಸ್ಟ್ ಆಗ್ತದೆ,” ಎಂದ.

ಅಥವಾ ನಾನು ಕತ್ತರಿಸುವ ಮಾತೇ ಆಡಲಿಲ್ಲ. ಎರಡೂ ನನ್ನ ನೆನಪಿನಲ್ಲಿ ಇವೆ.

ಆಮೇಲೆ ಎರಡು ವರ್ಷ ಅವನು ನನ್ನ ಅಳತೆಯ ಸೀಟಿನಲ್ಲಿ, ಬೆನ್ನ ಹಿಂದೆ ಅಕ್ಕಿಯ ಖಾಲಿ ಚೀಲವನ್ನು ಸುತ್ತಿ ಇಟ್ಟುಕೊಂಡು ಓಡಿಸಿದ. ವ್ಯಾನಿನಿಂದ ಇಳಿದರೆ ಹತ್ತು ಹೆಜ್ಜೆ ಎಡಗೈಯನ್ನು ಸೊಂಟಕ್ಕೆ ಕೊಟ್ಟು ನಡೆಯುತ್ತಿದ್ದ. ಅದು ಅವನ ನಡಿಗೆಯೇ ಆಗಿಹೋಗಿತ್ತು. ಅವನ ಎದೆಗೂ ಸೀಟಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಕೇಳಿದ್ದಕ್ಕೆ ಹೇಳಿದರು. ಬೇರೆ ಯಾರೂ ಅದನ್ನು ಕೇಳಿರಲಿಲ್ಲ.

ಹದಿನೈದನೆಯ ದಿನ ಕಾಕಾ ಮತ್ತು ನಾನು ಖಾಲಿ ಟ್ರಾಲಿ ಎಳೆದುಕೊಂಡು ಸೂರತ್‌ಗೆ ಹೋದೆವು. ಹದಿನಾರರ ಬೆಳಿಗ್ಗೆ ಉಧ್ನಾದ ಅಂಗಳದಲ್ಲಿ ವ್ಯಾನು ಹತ್ತಿಸಿದೆವು. ಹಿಂದಿನ ಹಲಗೆ ಇಳಿಸಿ, ಟ್ರಾಲಿಯ ಮೂಗಿಗೆ ಚೈನ್ ಪುಲ್ಲಿ ಕಟ್ಟಿ, ಕಾಕಾ ಸರಪಳಿ ಎಳೆಯುತ್ತ ಹೋದರು. ನಾನು ಕಿಟಕಿಯಿಂದ ಕೈ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಸ್ಟೇರಿಂಗ್ ಹಿಡಿದು ಪಕ್ಕದಲ್ಲೇ ನಡೆದೆ. ಮಗ್ಗದವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಬಂದು ನಿಂತರು. ಒಳಗೆ ಕೂತರೆ ಐದು ನಿಮಿಷದ ಕೆಲಸ ಎಂದು ಒಬ್ಬ ಹೇಳಿದ. ವಾಚ್‌ಮನ್ ಅವನ ಬಾಯಿ ಮುಚ್ಚಿಸಿದ. ಆಮೇಲೆ ನನ್ನ ಹತ್ತಿರ ಬಂದು ಹಿಂದಿಯಲ್ಲಿ ಮೆಲ್ಲಗೆ, “ಇಷ್ಟು ದಿನ ನಾನೂ ಯಾರನ್ನೂ ಕೂರಲು ಬಿಟ್ಟಿಲ್ಲ ಸಾಹೇಬ್,” ಎಂದ. ನಾನು ಅವನಿಗೆ ಹೇಳಿಯೇ ಇರಲಿಲ್ಲ.

ಒಂದು ಗಂಟೆ ಹಿಡಿಯಿತು. ಸೀಟಿಗೆ ನನ್ನ ಮೈ ತಾಗಲಿಲ್ಲ. ಹಿಂದಿನ ಗಾಜಿನಿಂದ ರುಬ್ಬುವ ಯಂತ್ರ ಕಂಡಿತು. ಕಲ್ಲು ಅಲ್ಲೇ ಇದೆ, ಒಳ್ಳೆಯದಾಯಿತು, ಇನ್ನು ಹೋಟೆಲು ತೆರೆಯಬಹುದು ಎಂದುಕೊಂಡೆ. ಬೇರೆ ಏನೂ ಹೊಳೆಯಲಿಲ್ಲ. ವ್ಯಾನಿನ ನಾಲ್ಕೂ ಚಕ್ರಗಳಿಗೆ ಬೆಲ್ಟು ಬಿಗಿದು ಹೊರಟೆವು. ನಾನು ಜೀಪಿನಲ್ಲಿ ಕಾಕಾ ಪಕ್ಕ.

ಹೆದ್ದಾರಿಗೆ ಬಂದು ವೇಗ ಸ್ವಲ್ಪ ಏರುತ್ತಲೇ ಟ್ರಾಲಿ ಬಾಲ ಆಡಿಸಲು ಶುರುಮಾಡಿತು. ಮೊದಲು ಸಣ್ಣಗೆ, ಆಮೇಲೆ ಜೀಪಿನ ಹಿಂಭಾಗವನ್ನೇ ಎತ್ತಿ ಬಿಸಾಡುವ ಹಾಗೆ. ಕಾಕಾ ಆಕ್ಸಿಲರೇಟರಿನಿಂದ ಕಾಲು ತೆಗೆದರು. ನಿಧಾನವಾದರೆ ಸುಮ್ಮನಾಗುತ್ತಿತ್ತು. ಎತ್ತಿನಗಾಡಿಗಿಂತ ತುಸು ಜೋರಾಗಿ ಹೋದರೆ ಮತ್ತೆ ಶುರು. ಹಾಗೆಯೇ ತೆವಳಿಕೊಂಡು ಅಂಕಲೇಶ್ವರದ ಹತ್ತಿರ ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಕಾಕಾ ರಸ್ತೆ ಬದಿಗೆ ನಿಲ್ಲಿಸಿದರು. ಇಳಿದು ಹೋಗಿ, ಟ್ರಾಲಿಯ ಮೂಗನ್ನು ಜೀಪಿನಿಂದ ಬಿಡಿಸಿ ಎತ್ತಿ ನೋಡಿದರು. ಒಂದೇ ಕೈಯಲ್ಲಿ ಎತ್ತಿದರು. ಬೈಯಲಿಲ್ಲ.

“ಹಿಂದೆ ಏನಿದೆ?”

ಆಗ ನನಗೆ ಕಲ್ಲು ನೆನಪಾಯಿತು.

ಅದನ್ನು ತೆಗೆಯುವ ಹಾಗಿರಲಿಲ್ಲ. ಹಿಂದಿನ ಬಾಗಿಲಿನ ಬೀಗ ಕೆಟ್ಟು ವರ್ಷಗಳಾಗಿದ್ದವು. ಪಕ್ಕದ ಜಾರುವ ಬಾಗಿಲಿಗೆ ಎಡಗಡೆಯ ನನ್ನ ಕಂಬಿ ಅಡ್ಡ. ತೆಗೆದರೂ ನಾಲ್ಕು ಜನ ಬೇಕು, ನಾವು ಇಬ್ಬರು. ವ್ಯಾನನ್ನೇ ಅರ್ಧ ಅಡಿ ಮುಂದಕ್ಕೆ ಎಳೆಯೋಣವೆಂದರೆ ಚಕ್ರದ ಮುಂದೆ ನನ್ನ ಆಂಗಲ್, ಗಟ್ಟಿ ಇರಲಿ ಎಂದು ವೆಲ್ಡ್ ಮಾಡಿದ್ದು. ಇದೇ ವೇಗದಲ್ಲಿ ಹೋದರೆ ವಡೋದರಾ ಮುಟ್ಟುವಾಗ ಕತ್ತಲೆ. ಹೊತ್ತು ಮುಳುಗಿದ ಮೇಲೆ ಕರೆಯುವ ಹಾಗಿಲ್ಲ. ಭಾರ ಮುಂದೆ ಬೇಕಿತ್ತು, ವ್ಯಾನಿನ ಮುಂಭಾಗದಲ್ಲಿ. ಪಕ್ಕದ ಸೀಟನ್ನು ತರಕಾರಿ ಮೂಟೆ ಇಡಲೆಂದು ಅಣ್ಣ ಎಂದೋ ಕಿತ್ತುಹಾಕಿದ್ದ. ಇದ್ದದ್ದು ಒಂದೇ ಸೀಟು.

ಬಹಳ ಕಾಲ ನಾನು ಇದನ್ನು ಹೀಗೆ ಹೇಳುತ್ತಿದ್ದೆ: ಬೇರೆ ದಾರಿ ಇರಲಿಲ್ಲ, ಕಾಕಾ ಕೂರಿ ಎಂದರು, ಕೂತೆ.

ನನ್ನ ಫೋನಿನಲ್ಲಿ ಆ ಜಾಗದ ಒಂದು ಫೋಟೋ ಇದೆ. ಜೋಡಣೆಯ ಪಿನ್ನು ಬಾಗಿದೆಯೇ ಎಂದು ನೋಡಲು ನಾನೇ ತೆಗೆದದ್ದು. ಪಿನ್ನಿನ ಹಿಂದೆ, ರಸ್ತೆಯ ಅಂಚಿನಲ್ಲಿ, ಎದೆಯೆತ್ತರ ಇಟ್ಟಿಗೆ ರಾಶಿ ಇದೆ. ಪಕ್ಕದಲ್ಲಿ ಅರ್ಧ ಕಟ್ಟಿದ ಗೋಡೆ. ಐವತ್ತು ಅರವತ್ತು ಇಟ್ಟಿಗೆ ಎಣಿಸಿ ಅಣ್ಣ ಕಿತ್ತುಹಾಕಿದ್ದ ಸೀಟಿನ ಜಾಗಕ್ಕೆ ಪೇರಿಸಿದ್ದರೆ ನನ್ನ ತೂಕದ ಎರಡರಷ್ಟು ಆಗುತ್ತಿತ್ತು. ಆ ಇಟ್ಟಿಗೆಗಳನ್ನು ನಾನು ಅಲ್ಲಿ ಕಂಡ ನೆನಪೇ ಇಲ್ಲ. ಮುಂದಿನ ವರ್ಷ ಮದುವೆಯ ಸೀಸನ್ನಿನಲ್ಲಿ ಕಾಕಾರನ್ನು ಕೇಳಿದೆ.

“ನಾನೆಲ್ಲಿ ಕೂರಿ ಅಂದೆ?” ಎಂದರು. “ಇಟ್ಟಿಗೆ ಹಾಕೋಣ, ಅವರ ಹತ್ತಿರ ಕೇಳಿ ಬರ್ತೀನಿ ಅಂದೆ. ಹೋಗಿ ಕೇಳಿಯೂ ಬಂದೆ. ತಿರುಗಿ ನೋಡಿದರೆ ನೀವು ಒಳಗೆ ಕೂತು ಬಾಗಿಲು ಹಾಕ್ಕೊಂಡಿದ್ದಿರಿ. ಕರೆದರೂ ತಲೆ ಎತ್ತಲಿಲ್ಲ.”

ಕಾಕಾಗೆ ಸುಳ್ಳು ಹೇಳಿ ಏನೂ ಆಗಬೇಕಿಲ್ಲ. ಡ್ರಾಯಿಂಗಿನಲ್ಲಿ ಎರಡೂವರೆ ಅಡಿ ಬಿಟ್ಟವನೂ ಕಾಕಾ ಅಲ್ಲ.

ಕೂತದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ, ಅಷ್ಟು ಸ್ಪಷ್ಟವಾಗಿರುವುದಕ್ಕೇ ಅದನ್ನೂ ಪೂರ್ತಿ ನಂಬಲಾರೆ. ಒಣಗಿದ ಕರಿಬೇವಿನ ವಾಸನೆ, ಎಣ್ಣೆಯ ವಾಸನೆ. ಕಾಲು ಚಾಚಿದರೆ ಕ್ಲಚ್ಚು ಬ್ರೇಕು ಎರಡೂ ಪಾದದ ಕೆಳಗೆ ಬಂದು ಕೂತವು, ನನ್ನದೇ ಗುರುತು. ಆದರೆ ಬೆನ್ನಿಗೆ ಅಕ್ಕಿಚೀಲದ ಸುರುಳಿ ಇತ್ತು. ಅದನ್ನು ತೆಗೆದು ಹಿಂದೆ ಎಸೆಯಬಹುದಿತ್ತು, ಆಗ ಸೀಟು ನನಗೆ ಹೇಳಿ ಮಾಡಿಸಿದ ಹಾಗೆ ಆಗುತ್ತಿತ್ತು. ತೆಗೆಯಲಿಲ್ಲ. ಸುರುಳಿ ನನ್ನನ್ನು ಸ್ಟೇರಿಂಗಿಗೆ ಒತ್ತಿ ಹಿಡಿಯಿತು. ಎದುರಿನ ಕನ್ನಡಿಯಲ್ಲಿ ರಸ್ತೆ ಕಾಣುತ್ತಿರಲಿಲ್ಲ, ನನ್ನ ಕತ್ತು ಕಾಣುತ್ತಿತ್ತು. ಅದು ಕುಳ್ಳನೊಬ್ಬನ ಕಣ್ಣಿಗೆ ಹೊಂದಿಸಿದ ಕನ್ನಡಿ.

ಟ್ರಾಲಿ ಆಮೇಲೆ ಆಡಲಿಲ್ಲ. ನರ್ಮದೆಯ ಸೇತುವೆಯನ್ನು ಕಾಕಾ ಒಳ್ಳೆಯ ವೇಗದಲ್ಲೇ ದಾಟಿದರು. ನಾನು ಜೀಪಿನ ಬೆನ್ನು ನೋಡುತ್ತ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದೆ, ಕಾಕಾ ನಿಧಾನ ಮಾಡಿದರೆ ಬ್ರೇಕು ಒತ್ತುತ್ತಿದ್ದೆ. ಯಾವುದರಿಂದಲೂ ಏನೂ ಆಗುತ್ತಿರಲಿಲ್ಲ. ಲಾರಿಯೊಂದು ಪಕ್ಕದಲ್ಲೇ ಬಂದು, ಅದರ ಕ್ಲೀನರ್ ನನ್ನ ಕಡೆ ನೋಡಿ, ಇಲ್ಲದ ಸ್ಟೇರಿಂಗನ್ನು ಎರಡೂ ಕೈಯಲ್ಲಿ ತಿರುಗಿಸಿ ತೋರಿಸಿ ನಕ್ಕ. ಆ ಇಡೀ ದಾರಿ ಅಣ್ಣ ಜೊತೆಯಲ್ಲಿದ್ದಾನೆ ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಅನ್ನಿಸುತ್ತದೆ ಎಂದೇ ಕೂತಿದ್ದೆನೋ ಏನೋ. ಅನ್ನಿಸಿದ್ದು ಇಷ್ಟೇ, ಹಿಂದೆ ಯಾವುದೋ ಇಟ್ಟಿಗೆಯ ರಾಶಿಯ ಪಕ್ಕ ಒಬ್ಬ ಕುಳ್ಳ ಮನುಷ್ಯ, ಎಡಗೈ ಸೊಂಟಕ್ಕೆ ಕೊಟ್ಟು, ಹೋಗುವ ವ್ಯಾನನ್ನು ನೋಡುತ್ತ ನಿಂತಿದ್ದಾನೆ. ಬಿಡು ಮಾರಾಯ ಎನ್ನುವ ಮುಖದಲ್ಲಿ.

ಇಟ್ಟಿಗೆ ಕಂಡ ನೆನಪಿಲ್ಲ ಎಂದು ಮೇಲೆ ಬರೆದೆ. ಹಾಗಾದರೆ ಈ ರಾಶಿ ಫೋಟೋ ನೋಡಿದ ಮೇಲೆ ಬಂದು ಸೇರಿಕೊಂಡದ್ದಿರಬೇಕು.

ಫತೇಗಂಜ್ ಬರುವ ಮೊದಲು ಕಾಕಾಗೆ ಹಾರ್ನ್ ಮಾಡಿ ನಿಲ್ಲಿಸಿ ಇಳಿದೆ. ಉಳಿದ ದಾರಿ ಟ್ರಾಲಿಯ ಪಕ್ಕದಲ್ಲಿ ನಡೆದೆ. ಸೂರ್ಯ ಇನ್ನೂ ಮುಳುಗಿರಲಿಲ್ಲ. ಹೋಟೆಲಿನ ಶಟರು ಅರ್ಧ ಎಳೆದಿತ್ತು. ಅಣ್ಣ ದಿನವಿಡೀ ಇರುತ್ತಿದ್ದ ಜಾಗ ಅದೆಂದು ಅಮ್ಮ ಎಲೆಯನ್ನು ಅಲ್ಲೇ ಹಾಕಿಸಿದ್ದಳು. ಅವಳು ಶಟರಿನ ಮುಂದೆ ದೀಪ ಹಿಡಿದು ನಿಂತಿದ್ದಳು. ಅತ್ತಿಗೆ ನೀರಿನ ಚೆಂಬು ಹಿಡಿದು ಪಕ್ಕದಲ್ಲಿ. ಕಾಕಾ ವ್ಯಾನು ಬಾಗಿಲಿಗೆ ಸರಿಯಾಗಿ ನಿಲ್ಲುವ ಹಾಗೆ ಜೀಪು ಮುಂದೆ ಮಾಡಿ, ತಲೆಯ ಟೋಪಿ ತೆಗೆದು ದೂರ ಹೋಗಿ ನಿಂತರು.

“ಯಾರೂ ಕೂರ್ಲಿಲ್ಲ ಅಲ್ವಾ?” ಎಂದು ಕೇಳಿದಳು ಅಮ್ಮ.

“ಇಲ್ಲ.”

ಅವಳು ನನ್ನ ಮುಖ ನೋಡಲಿಲ್ಲ. ನನ್ನ ಎಡಗೈ ನೋಡಿದಳು. ಚೀಲದ ಸುರುಳಿ ಒತ್ತಿ ಒತ್ತಿ ಸೊಂಟ ಹಿಡಿದುಹೋಗಿತ್ತು, ಕೈ ತಾನಾಗಿ ಅಲ್ಲಿಗೆ ಹೋಗಿತ್ತು. ನಾನು ತೆಗೆದೆ. ಅಷ್ಟರಲ್ಲಿ ತಡವಾಗಿತ್ತು.

ಅಮ್ಮ ದೀಪ ಎತ್ತಿದಳು. “ಬಾ ಮಗಾ. ಎಲೆ ಹಾಕಿ ಆಗಿದೆ. ಒಳಗೆ ಬಾ.”

ವ್ಯಾನನ್ನು ಕರೆಯುತ್ತಿದ್ದಾಳೆ ಎಂದು ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ದೀಪವೂ ನನ್ನ ಜೊತೆಗೇ ಸರಿಯಿತು.

“ನಿನಗೇ ಹೇಳಿದ್ದು. ಬಾ ಮಗಾ.”

ನಾನು ಶಟರಿನ ಕೆಳಗೆ ಬಗ್ಗಿ ಒಳಗೆ ಹೋದೆ. ಬಗ್ಗುವಾಗ ಸೊಂಟ ಹಿಡಿದುಕೊಳ್ಳಬೇಕಾಯಿತು. ಹಿಂದೆ ಅವರು ಬರುತ್ತಾರೆ ಎಂದುಕೊಂಡೆ. ಶಟರು ಪೂರ್ತಿ ಕೆಳಗೆ ಬಂತು.

ಒಳಗೆ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಬೋರಲು ಹಾಕಿದ್ದರು. ನೆಲದ ಮೇಲೆ ಬಾಳೆ ಎಲೆ, ಒಂದು ದೀಪ. ಅನ್ನ, ಸಾರು, ಪತ್ರೊಡೆ. ಕೆಸುವಿನ ಎಲೆಗೆ ಈ ಊರಿನಲ್ಲಿ ಬರವಿಲ್ಲ. ಗುಜರಾತಿಗಳೂ ಅದನ್ನೇ ಸುತ್ತಿ ಬೇಯಿಸಿ ಪಾತ್ರಾ ಮಾಡುತ್ತಾರೆ. ಅಣ್ಣನಿಗೆ ನಮ್ಮದೇ ಬೇಕಿತ್ತು. ಹೊರಗೆ ಮೂವರು ಇದ್ದರೂ ಒಂದು ಸದ್ದಿಲ್ಲ. ರುಬ್ಬುವ ಯಂತ್ರ ಇರುತ್ತಿದ್ದ ಮೂಲೆಯಲ್ಲಿ ನಾಲ್ಕು ಕಾಲುಗಳ ಗುರುತು ಮಾತ್ರ.

ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ಎಲೆಯ ಮುಂದೆ ಕೂತೆ. ಪತ್ರೊಡೆಯ ಒಂದು ತುಂಡು ಮುರಿದು ತಿಂದೆ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಆದರೆ ತಿಂದದ್ದು ಹಸಿವಿಗಲ್ಲ. ಎಲೆ ಮುಟ್ಟದೆ ಹಾಗೇ ಉಳಿದರೆ ಅಮ್ಮನಿಗೆ ಗೊತ್ತಾಗುತ್ತಿತ್ತು, ಅವನು ಬರಲಿಲ್ಲ ಎಂದು. ಕಲ್ಲಿಲ್ಲದ್ದರಿಂದ ಮಿಕ್ಸಿಯಲ್ಲಿ ರುಬ್ಬಿದ್ದರು. ಅಕ್ಕಿ ತರಿತರಿಯಾಗಿ ಹಲ್ಲಿಗೆ ಸಿಕ್ಕಿತು. ಆ ತರಿಯ ಮಟ್ಟಿಗೆ ನನಗೆ ಸಂಶಯವಿಲ್ಲ.

ಶಟರು ಏರಿತು. ಅಮ್ಮ ದೀಪ ತಗ್ಗಿಸಿ ಎಲೆ ನೋಡಿದಳು.

“ತಿಂದಿದ್ದಾನೆ,” ಎಂದು ಅತ್ತಿಗೆಗೆ ಹೇಳಿದಳು. ಅವಳ ಸ್ವರದಲ್ಲಿ ಹದಿನಾರು ದಿನಗಳಿಂದ ಇದ್ದ ಏನೋ ಒಂದು ಇಳಿಯಿತು. ಅತ್ತಿಗೆ ಎಲೆಯನ್ನು ನೋಡಲಿಲ್ಲ, ನನ್ನ ಬೆರಳುಗಳಲ್ಲಿದ್ದ ಎಣ್ಣೆಯನ್ನು ನೋಡಿದರು. ಚೆಂಬು ಬಾಗಿಸಿ ನನ್ನ ಕೈಗೆ ನೀರು ಹೊಯ್ದರು.

ಮರುದಿನ ಬೆಳಿಗ್ಗೆ ನಾನು ಮತ್ತೆ ಅಪ್ಪಿ. ಆಮೇಲೆ ಅಮ್ಮ ನನ್ನನ್ನು ಮಗಾ ಎಂದದ್ದಿಲ್ಲ. ಗೊತ್ತಿದ್ದೇ ಕರೆದಳೇ, ನನ್ನ ಸುಳ್ಳಿಗೆ ಒಂದು ಜಾಗ ಮಾಡಿಕೊಟ್ಟಳೇ ಎಂದು ಕೇಳುವ ಧೈರ್ಯ ನನಗಿಲ್ಲ. ವ್ಯಾನನ್ನು ಇಳಿಸಿದ ವಾರವೇ ಸೀಟಿನ ವೆಲ್ಡನ್ನು ಕತ್ತರಿಸಿ ಹೊಸ ಹಳಿ ಹಾಕಿದೆ. ಈಗ ಅತ್ತಿಗೆ ಓಡಿಸುತ್ತಾರೆ, ಸೀಟನ್ನು ಪೂರ್ತಿ ಮುಂದೆ ಎಳೆದುಕೊಂಡು. ಕಾಕಾ ಟ್ರಾಲಿಯ ಆಕ್ಸಲನ್ನು ಮತ್ತೆ ಒಂದು ಅಡಿ ಹಿಂದಕ್ಕೆ ಸರಿಸಿ, ಬಲಗಡೆಯ ಖಾಲಿ ಜಾಗಕ್ಕೂ ಕಂಬಿ ಹಾಕಿಸಿಕೊಂಡಿದ್ದಾರೆ.

ಕಾರ್ಖಾನೆಯ ಕೆಲಸಕ್ಕೆ ನಾನು ಆಗಾಗ ನನ್ನ ಕಾರಿನಲ್ಲಿ ಸೂರತ್‌ಗೆ ಹೋಗಿ ಬರುತ್ತೇನೆ. ಬರುವಾಗ ಅಂಕಲೇಶ್ವರದ ಹತ್ತಿರ ಆ ಜಾಗ ಹುಡುಕುತ್ತೇನೆ. ಇಟ್ಟಿಗೆ ರಾಶಿ ಈಗಿಲ್ಲ. ಗೋಡೆಗಳು ಎದ್ದಿವೆ, ಎಲ್ಲ ಒಂದೇ ಥರ. ಫೋನಿನ ಫೋಟೋ ಒಂದು ಜಾಗ ತೋರಿಸುತ್ತದೆ. ಕಾಕಾ ಅದಲ್ಲ, ಇನ್ನೂ ಎರಡು ಕಿಲೋಮೀಟರು ಮುಂದೆ, ಪೆಟ್ರೋಲ್ ಪಂಪ್ ದಾಟಿ ಎನ್ನುತ್ತಾರೆ. ಕಾರಿನಲ್ಲಿ ನನ್ನ ಪಕ್ಕದ, ಎಡಗಡೆಯ ಸೀಟನ್ನು ನಾಲ್ಕು ಬೆರಳು ಮುಂದೆ ಸರಿಸಿಯೇ ಇಟ್ಟಿದ್ದೇನೆ. ಕಾರು ಬದಿಗೆ ನಿಲ್ಲಿಸಿ, ಬಗ್ಗಿ ಆ ಕಡೆಯ ಬಾಗಿಲು ತೆರೆಯುತ್ತೇನೆ, ಒಬ್ಬ ಮನುಷ್ಯ ಸೊಂಟ ಹಿಡಿದುಕೊಂಡು ಹತ್ತಿ ಕೂರುವಷ್ಟು ಹೊತ್ತು ಕಾಯುತ್ತೇನೆ, ಮುಚ್ಚುತ್ತೇನೆ. ಪೆಟ್ರೋಲ್ ಪಂಪ್ ದಾಟಿದ ಮೇಲೆ ಮತ್ತೊಮ್ಮೆ ನಿಲ್ಲಿಸುತ್ತೇನೆ.